ಟಾರ್ಚು ಆರಿಸಿದ ದಿನ

ನಮ್ಮ ಅತ್ತೆಯ ಅಂಗಡಿಗೆ ಯಾರಾದರೂ ಟಾರ್ಚು ಕೊಳ್ಳಲು ಬಂದರೆ ಅತ್ತೆ ಗಾಜಿನ ಬೀರುವಿನಿಂದ ಒಂದನ್ನು ತೆಗೆದು, ಸೆರಗಿನಲ್ಲಿ ಒರೆಸಿ, ಗುಂಡಿ ಒತ್ತಿ ಗೋಡೆಯ ಮೇಲೆ ಬೆಳಕು ಬಿಟ್ಟು, "ಇದು ದರಿದ್ರದ್ದು" ಎನ್ನುತ್ತಾಳೆ. ಬಂದವರು ಅದನ್ನು ಕೈಯಲ್ಲಿ ತೂಗಿ ನೋಡಿ, ದರಿದ್ರದ್ದು ಸಾಲದು, ಹಾಳಾದ್ದು ಇದ್ದರೆ ತೋರಿಸಿ ಎನ್ನುತ್ತಾರೆ. ಅತ್ತೆ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ಹಾಳಾದ್ದನ್ನು ಇಳಿಸುತ್ತಾಳೆ. ಹಾಳಾದ್ದಕ್ಕಿಂತ ಮೇಲಿನದು ಮನೆಹಾಳು. ಮನೆಹಾಳು ಟಾರ್ಚು ಬರುವುದೇ ಅಪರೂಪ, ಬಂದ ದಿನವೇ ಹೋಗಿಬಿಡುತ್ತದೆ. ಅದು ಸಿಕ್ಕವರು ಎಳೆಗೂಸನ್ನು ಸುತ್ತಿಕೊಂಡ ಹಾಗೆ ಟವೆಲಿನಲ್ಲಿ ಸುತ್ತಿಕೊಂಡು, ದಾರಿಯುದ್ದಕ್ಕೂ ಅದಕ್ಕೆ ಬಯ್ಯುತ್ತ ಮನೆಗೆ ಒಯ್ಯುತ್ತಾರೆ.

ನಮ್ಮೂರಿನಲ್ಲಿ ಬೆಳಕನ್ನು ಹೊಗಳಿದರೆ ಅದು ಆರಿಹೋಗುತ್ತದೆ. ಎಣ್ಣೆದೀಪವಿರಲಿ, ಬಲ್ಬಿರಲಿ, ಬಾಯಿಬಿಟ್ಟು, ಮನಸ್ಸಾರೆ ಒಂದು ಒಳ್ಳೆಯ ಮಾತು ಆಡಿದರೆ ಸಾಕು, ಮಾರನೆಯ ದಿನ ಹೊತ್ತು ಹುಟ್ಟುವ ತನಕ ಮತ್ತೆ ಹತ್ತುವುದಿಲ್ಲ. ಸುಳ್ಳು ಹೊಗಳಿಕೆಗೆ ಮಾತ್ರ ಏನೂ ಆಗದು. ಅದಕ್ಕೇ ನಮ್ಮಲ್ಲಿ ಚುನಾವಣೆಯ ಭಾಷಣಗಳನ್ನು ಎಷ್ಟು ದೀಪ ಹಾಕಿಯಾದರೂ ಮಾಡಬಹುದು. ಮದುವೆಗೆ ಪರವೂರಿನ ನೆಂಟರು ಬಂದರೆ ಹುಡುಗಿಯ ಕಡೆಯವರು ಬಸ್‌ಸ್ಟ್ಯಾಂಡಿನಲ್ಲೇ ಅವರನ್ನು ಸಾಲಾಗಿ ನಿಲ್ಲಿಸಿ, ಊಟ ಹೊಗಳಿ, ಸೀರೆ ಹೊಗಳಿ, ಚಪ್ಪರದ ಲೈಟಿನ ಸುದ್ದಿಗೆ ಮಾತ್ರ ಹೋಗಬೇಡಿ ಎಂದು ಕೈಮುಗಿಯುತ್ತಾರೆ. ಯಾಕೆ ಹೀಗೆ ಎಂದು ಅಜ್ಜಿಯನ್ನು ಕೇಳಿದಾಗಲೆಲ್ಲ ಅಜ್ಜಿ ಒಂದೊಂದು ಸಲ ಒಂದೊಂದು ಕಥೆ ಹೇಳಿದ್ದಾಳೆ. ಒಂದರಲ್ಲಿ ಎಣ್ಣೆ ಬೇಡಲು ಬಂದ ನಕ್ಷತ್ರ ಇತ್ತು, ಇನ್ನೊಂದರಲ್ಲಿ ನಾಚಿಕೆಯ ಸೊಸೆಯೊಬ್ಬಳು ದೀಪದೊಳಗೆ ಅಡಗಿಕೊಂಡಿದ್ದಳು. ಮಗುವಿಗೆ ದೃಷ್ಟಿ ತಾಗುವುದಿಲ್ಲವೇ, ಹಾಗೆಯೇ ಇದೂ ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ನನಗೆ ಅಜ್ಜಿಯ ಕಥೆಗಳೇ ಇಷ್ಟ. ನನ್ನ ತೊಂದರೆಯೂ ಅದೇ. ಕಥೆ ಕೇಳಿ ಕೇಳಿ ಬೆಳೆದ ನನಗೆ ಕಂಡದ್ದೆಲ್ಲ ಚೆಂದ. ಬೀದಿದೀಪದ ಸುತ್ತ ಹುಳ ಹಾರುತ್ತಿದ್ದರೂ ಚೆಂದ, ಅಟ್ಟದ ಸಂದಿಯಿಂದ ಲಾಂದ್ರದ ಬೆಳಕು ಗೆರೆಗೆರೆಯಾಗಿ ಇಳಿದರೂ ಚೆಂದ. ಬಾಯಿ ತಡೆಯುವುದಿಲ್ಲ. ನಾನು ಹೋದ ಮನೆಗಳಲ್ಲಿ ಹೆಂಗಸರು ಮೊದಲು ಬೆಂಕಿಪೊಟ್ಟಣ ಎತ್ತಿಡುತ್ತಾರೆ, ಆಮೇಲೆ ಚಾಪೆ ಹಾಕುತ್ತಾರೆ. ಅತ್ತೆ ನನ್ನನ್ನು ಅಂಗಡಿಯಲ್ಲಿ ಮೊಳೆ, ಹಗ್ಗ, ಪೈಪಿನ ವಾಷರು ಮಾರಲು ಕೂರಿಸಿದ್ದಳು. ಟಾರ್ಚಿನ ಬೀರುವಿನ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು.

ನಮ್ಮೂರಿನ ಕೆಲಸಗಾರರು, ಅಂದರೆ ನಲ್ಲಿ ಕೆಲಸದವರು, ಕರೆಂಟು ಕೆಲಸದವರು, ಅಟ್ಟದ ಮೇಲೆ ಮರಗೆಲಸ ಮಾಡುವವರು, ಯಾರೂ ಒಂದೇ ಟಾರ್ಚು ಹಿಡಿದು ಹೊರಡುವುದಿಲ್ಲ. ಕೈಯಲ್ಲಿ ಒಂದು, ಸೊಂಟದಲ್ಲಿ ಒಂದು. ಕೈಯದ್ದನ್ನು ಯಾರಾದರೂ ಹೊಗಳಿ ಕೆಡಿಸಿಯೇ ಕೆಡಿಸುತ್ತಾರೆ. ಮನೆಯ ಯಜಮಾನಿ ಕಾಫಿ ತಂದು ಕೊಡುತ್ತ, ಎಷ್ಟು ಬೆಳಕಪ್ಪ ನಿಂದು ಎಂದರೆ ಮುಗಿಯಿತು. ಆಗ ಸೊಂಟದ್ದು ಬೇಕು. ಸೊಂಟದ ಟಾರ್ಚು ಆರಿಸುವುದೇ ನಮ್ಮ ಅತ್ತೆಯ ಕಸುಬಿನ ಗುಟ್ಟು. ಹೊಸಬರು ಬಂದು ಸೆಲ್ಲು ಎಷ್ಟು ಹೊತ್ತು ಬರುತ್ತದೆ, ನೀರಿಗೆ ಬಿದ್ದರೆ ಏನು, ಮೇಲಿಂದ ಬಿದ್ದರೆ ಏನು ಎಂದೆಲ್ಲ ಕೇಳುತ್ತಾರೆ. ಅದೆಲ್ಲ ಬೇಕಾದದ್ದೇ. ಆದರೆ ಕಗ್ಗತ್ತಲಲ್ಲಿ ಕೈಯ ಟಾರ್ಚು ಆರಿ, ಎದೆ ಹೊಡೆದುಕೊಂಡು, ತಡಕಾಡಿ ಸೊಂಟದ್ದನ್ನು ಹತ್ತಿಸಿದಾಗ ಅದು ಝಗ್ಗನೆ ಹತ್ತಿದರೆ ಮನುಷ್ಯ ಮೊದಲು ಮಾಡುವ ಕೆಲಸ ಯಾವುದು? ಸದ್ಯ, ಒಳ್ಳೇ ಟಾರ್ಚು ಎನ್ನುತ್ತಾನೆ. ಅದೂ ಹೋಯಿತು. ಕರೆಂಟು ಕೆಲಸದ ಮರಿಹೊನ್ನಯ್ಯ ಒಬ್ಬರ ಅಟ್ಟದಲ್ಲಿ ಹಾಗೆ ಉದ್ಗರಿಸಿ, ತಂತಿಗಳ ನಡುವೆ ಅಲ್ಲಾಡದೆ ಕೂತು, ಮನೆಯವರು ಊರಿಂದ ಬರುವ ತನಕ ತನ್ನ ನಾಲಿಗೆಗೆ ತಾನೇ ಬಯ್ದುಕೊಂಡಿದ್ದ. ಆದ್ದರಿಂದ ಸೊಂಟದ ಟಾರ್ಚು ಎಂದರೆ ಪ್ರಾಣ ಉಳಿಸುವಾಗಲೂ ಅದರ ಮೇಲೆ ಸಿಟ್ಟು ಬರಬೇಕು. ಚುಚ್ಚಬೇಕು, ಕಾಡಬೇಕು, ಆದರೆ ಉರಿಯಬೇಕು. ಅಂಥದ್ದು ಸಿಗುವುದು ಕಷ್ಟ.

ನಾನು ಹೇಳುತ್ತಿರುವ ದಿನಕ್ಕೆ ಮುಂಚೆ ಊರಿನ ನಲ್ಲಿಗಳಲ್ಲಿ ನೀರು ನಿಂತಿತ್ತು. ನಮಗೆ ನೀರು ಬರುವುದು ಊರಿನ ಕೆಳಗೇ ಹರಿಯುವ ಒಳಗಾಲುವೆಯಿಂದ. ಕಲ್ಲು ಕಟ್ಟಿದ ಸುರಂಗ ಅದು, ಒಬ್ಬ ಮನುಷ್ಯ ಬಗ್ಗಿ ನಡೆಯುವಷ್ಟು ಎತ್ತರ. ಸಂತೆಬೀದಿಯ ಕೆಳಗೆ ಅದಕ್ಕೊಂದು ತೂಬಿನ ಬಾಗಿಲಿದೆ. ಆ ಬಾಗಿಲು ತಾನಾಗಿ ಜಾರಿ ಮುಚ್ಚಿಕೊಂಡಿತ್ತು. ಯಾರಾದರೂ ಒಳಗೆ ಹೋಗಿ ಅದರ ಚಕ್ರ ತಿರುಗಿಸಿ ಎತ್ತಬೇಕು. ಊರ ಕೆಳಗಿನ ಮೆಟ್ಟಿಲು ಬಾವಿಯಿಂದ ಇಳಿದು, ಕುಂಬಾರಬೀದಿ, ಗಾಣಿಗರಬೀದಿ ದಾಟಿ ಸಂತೆಬೀದಿಯವರೆಗೆ ನಡೆದು, ಬಾಗಿಲು ತೆಗೆದು, ಹಿಂದಿನಿಂದ ಬರುವ ನೀರಿಗಿಂತ ಮೊದಲು ಅದೇ ದಾರಿಯಲ್ಲಿ ಹಿಂತಿರುಗಬೇಕು. ಬೀದಿಗೊಂದು ಬಾವಿಯ ಬಾಯಿ ಇದೆ ನಿಜ, ಆದರೆ ಕರುವೊಂದು ಬಿದ್ದ ಮೇಲೆ ಅವಕ್ಕೆಲ್ಲ ಕಬ್ಬಿಣದ ಜಾಲರಿ ಹಾಕಿ ಸಿಮೆಂಟು ಮಾಡಿಬಿಟ್ಟಿದ್ದಾರೆ. ನೋಡಬಹುದು, ಕೂಗಬಹುದು, ಅಷ್ಟೆ. ಬರುವಾಗ ಗಾಣಿಗರಬೀದಿ ದಾಟಿದ ಮೇಲೆ ಕಾಲುವೆ ಕವಲೊಡೆಯುತ್ತದೆ. ಬಲಕ್ಕೆ ತಿರುಗಿದರೆ ಕುಂಬಾರಬೀದಿ, ಆಮೇಲೆ ಮೆಟ್ಟಿಲು ಬಾವಿ. ಎಡಕ್ಕೆ ಹೋದರೆ ಕುರುಡುಗಾಲುವೆ, ಅದರ ಕೊನೆಯಲ್ಲಿ ತಳ ಕಾಣದ ಗುಂಡಿ. ಕತ್ತಲಲ್ಲಿ ಗೋಡೆ ಮುಟ್ಟಿ ನಡೆದವನನ್ನು ಗೋಡೆಯೇ ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ಬೆಳಕಿಲ್ಲದೆ ಅಲ್ಲಿಂದ ಬಂದವರಿಲ್ಲ.

ಹೋಗಲು ಒಪ್ಪಿದವನು ನಲ್ಲಿ ಕೆಲಸದ ಶಿವನಂಜ. ಅವನು ಅತ್ತೆಯ ಗಂಡನ ಕಡೆಯವನು, ವರಸೆಯಲ್ಲಿ ನನಗೆ ಭಾವ. ವಾಷರು ಕೊಳ್ಳುವ ನೆಪದಲ್ಲಿ ಅಂಗಡಿಗೆ ಬರುತ್ತಾನೆ. ಒಂದೇ ಸಲಕ್ಕೆ ಒಂದು ಡಜನ್ ಒಯ್ಯಬಾರದೇ ಎಂದು ಅಜ್ಜಿ ಕೇಳಿದರೆ, ಒಂದೊಂದೇ ಸವೆಯುತ್ತೆ ಕಣಜ್ಜಿ ಎನ್ನುತ್ತಾನೆ. ಆ ವಾಷರುಗಳನ್ನೆಲ್ಲ ಅವನು ಏನು ಮಾಡುತ್ತಾನೋ, ಊರಿನಲ್ಲಿ ಅಷ್ಟು ನಲ್ಲಿಗಳೇ ಇಲ್ಲ.

ಅಂದು ಬೆಳಿಗ್ಗೆ ಅತ್ತೆ ಬಲ್ಬಿನ ಪಾರ್ಸೆಲ್ ಬಿಡಿಸಿಕೊಂಡು ಬರಲು ಬಸ್‌ಸ್ಟ್ಯಾಂಡಿಗೆ ಹೊರಟಳು. ಆಟೋ ಹತ್ತಿದವಳು ತಲೆ ಹೊರಹಾಕಿ ಬೀಗದ ಕೈ ಗೊಂಚಲನ್ನು ನನ್ನತ್ತ ಎಸೆದು, "ಶಿವನಂಜ ಬರ್ತಾನೆ ಕಣೇ. ಅಷ್ಟರಲ್ಲಿ ಆ ಟಾರ್ಚ್ ಆರಿಸಿಡು" ಎಂದಳು. ಆಟೋ ಹೋಗಿಬಿಟ್ಟಿತು. ನಾನು ಗೊಂಚಲನ್ನು ಎದೆಗೆ ಅವುಚಿಕೊಂಡು ನಿಂತೇ ಇದ್ದೆ. ಟಾರ್ಚು ಆರಿಸಿಡು. ನನಗೆ. ಅತ್ತೆ ತನ್ನ ಬಾಯಿಂದ ಹೇಳಿದ್ದಳು. ಅಂಗಡಿಯ ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತ ಕೂತಿದ್ದ ಅಜ್ಜಿಯ ಮುಂದೆ ನಾನೊಂದು ಸುತ್ತು ತಿರುಗಿದೆ. ಅಜ್ಜಿ, ಕುಣಿಯೋದು ಆಮೇಲೆ, ಮೊದಲು ಬಾಯಿಗೆ ಬಟ್ಟೆ ಕಟ್ಕೊ ಎಂದಳು.

ಬಟ್ಟೆ ಕಟ್ಟಿಕೊಳ್ಳುವ ಬದಲು ನನಗೆ ಬೇರೆಯೇ ಒಂದು ಯೋಚನೆ ಹೊಳೆಯಿತು. ಹೊಳೆದದ್ದೇ ಮೈ ಜುಮ್ಮೆಂದಿತು. ಬೇರೆಯವರು ಟಾರ್ಚನ್ನು ಬಯ್ದು ಬಯ್ದು ಆರಿಸುತ್ತಾರೆ. ನನಗೆ ಬಯ್ಯಲು ಬಾರದು. ಆದರೆ ಹೊಗಳಲು ನನ್ನಷ್ಟು ಯಾರಿಗೆ ಬರುತ್ತದೆ? ನನ್ನಂಥ ನನಗೇ ಹೊಗಳಲಾಗದ ಟಾರ್ಚು ಒಂದಿದ್ದರೆ, ಅದನ್ನು ಇನ್ಯಾವ ಬಾಯಿ ತಾನೇ ಕೆಡಿಸೀತು?

ಬೀರು ತೆರೆದು, ಚಾಪೆ ಹಾಸಿ, ಟಾರ್ಚುಗಳನ್ನೆಲ್ಲ ಸಾಲಾಗಿ ಮಲಗಿಸಿ ಹತ್ತಿಸಿದೆ. ಮೊದಲನೆಯದು ಉದ್ದನೆಯ ಸ್ಟೀಲು ಟಾರ್ಚು. ಅದರ ಮೈಯಲ್ಲಿ ನನ್ನ ಮುಖ ಸೌತೆಕಾಯಿಯ ಹಾಗೆ ಕಂಡಿತು. ನೀನು ಪೊಲೀಸಿನವನ ಥರ ನೆಟ್ಟಗಿದೀಯ, ನಿನ್ನ ಬೆಳಕು ಸೂಜಿ ಥರ ಹೋಗುತ್ತೆ ಎಂದೆ. ಆರಿತು. ತಲೆಗೆ ಕಟ್ಟುವ ಟಾರ್ಚಿಗೆ, ನಿನ್ನನ್ನು ಕಟ್ಟಿಕೊಂಡರೆ ಎರಡು ಕೈಯೂ ಬಿಡುವು, ನೀನು ಹಣೆಯ ಬೊಟ್ಟು ಎಂದೆ. ಆರಿತು. ಹಳದಿ ಪ್ಲಾಸ್ಟಿಕ್ಕಿನದು ನೀರಿನ ಮೇಲೆ ಬಾತುಕೋಳಿಯ ಹಾಗೆ ತೇಲುತ್ತದೆ. ಬಾತುಕೋಳಿ ಎನ್ನುವಷ್ಟರಲ್ಲೇ ಆರಿತು. ಕೈಯಿಂದ ತಿರುಗಿಸಿ ಚಾರ್ಜು ಮಾಡುವ ಪುಟ್ಟದೊಂದು ಇತ್ತು, ಗರಗರ ಎಂದು ಅಳುತ್ತಿತ್ತು. ಇದನ್ನು ಯಾರೂ ಇಷ್ಟಪಡಲಾರರು ಎಂದುಕೊಂಡೆ, ಆದರೆ ಅಳುವ ಮಗುವನ್ನು ಆಡಿಸಿದ ಹಾಗಿದೆಯಲ್ಲ ಎಂದು ಮನಸ್ಸು ಕರಗಿತು, ಅದೂ ಆರಿತು. ಹೀಗೆ ಚಾಪೆಯ ಒಂದು ತುದಿಯಿಂದ ಕತ್ತಲು ನಡೆದುಕೊಂಡು ಬಂತು. ಅಜ್ಜಿ ಕುಟ್ಟಾಣಿ ನಿಲ್ಲಿಸಿ, ನಿಮ್ಮತ್ತೆ ಬಂದು ನಿನ್ನನ್ನೇ ಬೀರುವಿನಲ್ಲಿಟ್ಟು ಬೀಗ ಹಾಕ್ತಾಳೆ ನೋಡು ಎಂದಳು.

ಕೊನೆಗೆ ಉಳಿದದ್ದು ಗಲ್ಲಾದ ಪಕ್ಕ ಗೋಣಿತಾಟಿನ ಕೆಳಗಿದ್ದದ್ದು. ಅತ್ತೆ ಹೋಗುವ ಮುಂಚೆ ಹತ್ತಿಸಿಟ್ಟಿದ್ದಳೋ ಏನೋ, ತಾಟು ಎತ್ತಿದಾಗ ಅದು ಆಗಲೇ ಉರಿಯುತ್ತಿತ್ತು. ಹಳೆಯ ಕಾಲದ ತಗಡಿನ ಟಾರ್ಚು, ಸೆಲ್ಲು ಹಾಕುವಂಥದ್ದು. ಎತ್ತಿಕೊಂಡ ತಕ್ಷಣ ಗುಂಡಿ ನನ್ನ ಹೆಬ್ಬೆರಳಿನ ಚರ್ಮ ಕಚ್ಚಿತು. ಹಿಂದಿನ ಮುಚ್ಚಳ ಜಾಮ್ ಆಗಿ ಓರೆಯಾಗಿ ನಿಂತಿತ್ತು. ಅಲ್ಲಾಡಿಸಿದರೆ ಒಳಗೆ ಏನೋ ಲೊಟಲೊಟ ಎನ್ನುತ್ತಿತ್ತು. ಸೀಮೆಎಣ್ಣೆಯೋ ಹಳೆಯ ಮಜ್ಜಿಗೆಯೋ ಹೇಳಲಾಗದ ವಾಸನೆ. ಸೊಂಟಕ್ಕೆ ಸಿಕ್ಕಿಸುವ ಕೊಕ್ಕೆ ಸರಿಯಾಗಿ ಪಕ್ಕೆಲುಬಿಗೆ ಚುಚ್ಚುವಂತೆ ಬಾಗಿತ್ತು. ಬೆಳಕಿನ ನಟ್ಟನಡುವೆ ಒಂದು ಕಪ್ಪು ಚುಕ್ಕೆ. ಏನನ್ನು ನೋಡಬೇಕೋ ಅದನ್ನು ಬಿಟ್ಟು ಸುತ್ತಲಿನದನ್ನೆಲ್ಲ ತೋರಿಸುತ್ತಿತ್ತು. ನಾನು ಎದುರು ಕೂತು ಪ್ರಯತ್ನಪಟ್ಟೆ. ನೀನು, ಎಂದೆ. ನೀನು ಗಟ್ಟಿಮುಟ್ಟಾಗಿದೀಯ, ಎಂದೆ. ನನ್ನ ಮಾತು ನನಗೇ ಸುಳ್ಳೆನಿಸಿತು. ಬೆಳಕು ಮಿಸುಕಲಿಲ್ಲ. ಅಜ್ಜಿಯ ಎಲ್ಲ ಕಥೆಗಳನ್ನೂ ನೆನಪಿಸಿಕೊಂಡೆ, ಶಾಪಗ್ರಸ್ತ ರಾಜಕುಮಾರನಿರಬಹುದು ಎಂದುಕೊಂಡು ಇನ್ನೊಮ್ಮೆ ಮುಟ್ಟಿದೆ. ಅದು ಮತ್ತೆ ಕಚ್ಚಿತು. ಯಾವ ರಾಜಕುಮಾರನೂ ಅಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಖುಷಿಯಲ್ಲಿ ಎಲ್ಲಿ ಅದನ್ನು ಹೊಗಳಿಬಿಡುತ್ತೇನೋ ಎಂದು ಎರಡು ಕೈಯಿಂದ ಬಾಯಿ ಮುಚ್ಚಿಕೊಂಡೆ.

ಶಿವನಂಜ ಬಂದಾಗ ಅವನ ಕೈಯಲ್ಲಿ ಪುರಸಭೆ ಅಧ್ಯಕ್ಷರು ಕೊಟ್ಟ ಹೊಸ ಟಾರ್ಚಿತ್ತು, ಕುಂಬಳಕಾಯಿಯಷ್ಟು ದೊಡ್ಡದು. ನಾನು ಅದರ ಕಡೆ ನೋಡದೆ ಸೊಂಟದ್ದನ್ನು ಮುಂದಿಟ್ಟೆ. ಅವನು ಅದನ್ನು ಸಿಕ್ಕಿಸಿಕೊಂಡು ಒಂದು ಹೆಜ್ಜೆ ಇಟ್ಟ, ಕೊಕ್ಕೆ ಚುಚ್ಚಿತು. "ಇದೇನೇ ಇದು, ಮುಳ್ಳುಹಂದಿ ಮರೀನಾ?" ಎಂದ. ಗುಂಡಿ ಒತ್ತಿ ಆರಿಸಲು ನೋಡಿದ, ಆರಲಿಲ್ಲ, ಬೆರಳು ಕಚ್ಚಿಸಿಕೊಂಡ. "ಮನೆಹಾಳು," ಎಂದ ಬೆರಳು ಚೀಪುತ್ತ. ಆ ಮಾತು ಅವನ ಹೊಟ್ಟೆಯೊಳಗಿಂದ ಬಂದಿತ್ತು. ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಹೀಗೇ ಉರಿಯುತ್ತಿದ್ದರೆ ಸೆಲ್ಲು ಸವೆಯುವುದಿಲ್ಲವೇ ಎಂದು ಅವನು ಕೇಳಿದಾಗ ನಾನು, ಸೆಲ್ಲು ಹೊಸದು, ಅತ್ತೆಯೇ ಹಾಕಿದ್ದು ಎಂದೆ. ಅದು ಸುಳ್ಳಲ್ಲ. ಹೊರಡುವಾಗ ಅವನು ಬಾಗಿಲಲ್ಲಿ ನಿಂತು, "ಇಷ್ಟು ಟಾರ್ಚಲ್ಲಿ ನೀನೇ ಆರಿಸಿದ್ದಾ ಇದನ್ನ?" ಎಂದ. ಹೂಂ ಎಂದೆ. ಅವನು ಏನೋ ಹೇಳಲು ಹೋಗಿ, ಟಾರ್ಚು ಉರಿಯುತ್ತಿರುವುದು ನೆನಪಾಗಿ, ಸುಮ್ಮನೆ ಹೋದ.

ಊರಿಗೆ ಊರೇ ಬಾವಿಗಳ ಹತ್ತಿರ ಸೇರಿತ್ತು. ನಡು ಹಗಲು, ಮೇಲೆ ರಣಬಿಸಿಲು. ಈ ಸೂರ್ಯನೇಕೆ ಆರುವುದಿಲ್ಲ ಎಂದರೆ ನಮ್ಮೂರಲ್ಲಿ ಅವನನ್ನು ಮನಸ್ಸಾರೆ ಹೊಗಳಿದವರು ಇನ್ನೂ ಹುಟ್ಟಿಲ್ಲ ಎನ್ನುತ್ತಾಳೆ ಅಜ್ಜಿ. ಅವಳ ಕೈ ಹಿಡಿದು ನಾನು ಮೊದಲು ಕುಂಬಾರಬೀದಿಯ ಬಾವಿಗೆ ಹೋದೆ. ಜಾಲರಿಗೆ ಮೂಗು ಒತ್ತಿ ನೋಡಿದರೆ ಕೆಳಗೆ ದೊಡ್ಡ ಟಾರ್ಚಿನ ಬೆಳಕು ಹಾಲು ಚೆಲ್ಲಿದಂತೆ ಹರಿದು ಬಂತು. ನಾನು ಸೆರಗು ಬಾಯಿಗೆ ತುರುಕಿಕೊಂಡೆ. ಎಲ್ಲರೂ ಏನು ಮಂಕೋ, ಏನು ಮಸುಕೋ ಎಂದು ಗೊಣಗಿದರು. ಅಲ್ಲಿಂದ ಗಾಣಿಗರಬೀದಿಗೆ ಓಡಿದೆವು. ಅಲ್ಲಿ ಅಧ್ಯಕ್ಷರೇ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅವರು ಹುಟ್ಟಿದಾಗಿನಿಂದ ಯಾವುದನ್ನೂ ಹೊಗಳಿದವರಲ್ಲ. ಮಗ ರ‍್ಯಾಂಕ್ ಬಂದಾಗಲೂ ಕೈಬರಹ ಸರಿಯಿಲ್ಲ ಎಂದವರು. ಆದ್ದರಿಂದ ಯಾರೂ ಅವರ ಬಾಯಿಯನ್ನು ಕಾಯಲಿಲ್ಲ. ತಾವು ಕೊಟ್ಟ ಟಾರ್ಚು ಕೆಳಗೆ ಬೆಳಗುತ್ತ ಸಾಗಿದ್ದನ್ನು ನೋಡಿ ಅವರು, "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದೇ ದೊಡ್ಡ ಹೊಗಳಿಕೆ. ಕೆಳಗೆ ಕತ್ತಲಾಯಿತು.

ಅಧ್ಯಕ್ಷರು ಕುರ್ಚಿಯಿಂದ ಎದ್ದು ನಿಂತು ತಮ್ಮ ತುಟಿಯನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಆಗ ಕೆಳಗಿನಿಂದ ಲೊಟಲೊಟ ಸದ್ದು ಕೇಳಿತು, ಅಂಗಿಯೊಳಗಿಂದ ಎಳೆದು ತೆಗೆದ ಆ ಟಾರ್ಚಿನ ಬೆಳಕು ನಡುವೆ ಕಪ್ಪು ಚುಕ್ಕೆ ಇಟ್ಟುಕೊಂಡು ಗೋಡೆಯ ಮೇಲೆ ಬಿತ್ತು. ಹಿಂದೆಯೇ ಶಿವನಂಜನ ದನಿ. ಇದರ ವಂಶ ಹಾಳಾಗ, ಇದರ ತಗಡು ತುಕ್ಕು ಹಿಡಿಯ, ಕಾಲಿಡೋ ಜಾಗ ಒಂದು ಬಿಟ್ಟು ಎಲ್ಲ ತೋರಿಸುತ್ತಲ್ಲ ಎಂದು ಅವನು ಬಯ್ಯುತ್ತಿದ್ದದ್ದು ಸುರಂಗದ ಕಲ್ಲುಗಳಿಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. ಆ ಬೈಗುಳ ಕೇಳಿ ಗಾಣಿಗರಬೀದಿಯ ಹೆಂಗಸರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ಅಷ್ಟು ಬಯ್ಯುವವನು ಹೊಗಳುವ ಪ್ರಶ್ನೆಯೇ ಇಲ್ಲ. ಬೆಳಕು ಕುಣಿಯುತ್ತ ಸಂತೆಬೀದಿಯ ಕಡೆ ಹೋಯಿತು.

ಅದೇ ಹೊತ್ತಿಗೆ ಅತ್ತೆ ಪಾರ್ಸೆಲ್ ಡಬ್ಬ ಹೊತ್ತು ಬೆವರುತ್ತ ಬಂದಳು. ಜನರ ನಡುವೆ ನನ್ನನ್ನು ಕಂಡು, "ಟಾರ್ಚ್ ಆರಿಸಿದೆ ತಾನೇ?" ಎಂದಳು. ಆರಿಸಿದೆ ಅತ್ತೆ ಎಂದು ಹೆಮ್ಮೆಯಿಂದ ಹೇಳಿದೆ. ಅವಳು ಡಬ್ಬ ಇಳಿಸಿ ನಿಟ್ಟುಸಿರಿಟ್ಟಳು. ಸದ್ಯ, ನಿನ್ನೆ ಸಾಯಂಕಾಲ ಹೊಸ ಸೆಲ್ಲು ಹಾಕಿದಾಗಿನಿಂದ ಉರೀತಾನೇ ಇತ್ತು, ಮುಚ್ಚಳ ಜಾಮು, ಗುಂಡಿ ಜಾಮು, ನನಗಂತೂ ಆರಿಸೋಕೆ ಆಗಲಿಲ್ಲ, ನೀನು ಹೊಗಳಿಯಾದರೂ ಆರಿಸ್ತೀಯ ಅಂತ ನಿನಗೆ ಹೇಳಿ ಹೋದೆ, ಶಿವನಂಜನಿಗೆ ಅಂತ ತಲೆಗೆ ಕಟ್ಟೋದನ್ನ ಬೀರುವಿನಲ್ಲಿ ಬೇರೆಯೇ ಇಟ್ಟಿದ್ದೆ, ಎಂದಳು. ಆಮೇಲೆ ಜಾಲರಿಯ ಕಡೆ ಬಗ್ಗಿದಳು. ದೂರದಲ್ಲಿ ಕಪ್ಪು ಚುಕ್ಕೆಯ ಬೆಳಕು ಅಲ್ಲಾಡುತ್ತಿತ್ತು.

"ಮತ್ತೆ ಅಲ್ಲಿ ಉರೀತಿರೋದು ಯಾವುದೇ?" ಎಂದಳು ಅತ್ತೆ.

ಆರಿಸು ಎಂದರೆ ಆರಿಸು ಎಂದೇ ಅಲ್ಲವೇ ನಾನು ತಿಳಿದದ್ದು. ಅತ್ತೆಯ ಆರಿಸು ಬೇರೆ, ನನ್ನ ಆರಿಸು ಬೇರೆ. ಒಂದಿಡೀ ರಾತ್ರಿ ಉರಿದ ಸೆಲ್ಲಿನೊಂದಿಗೆ ಅವನು ಊರಿನ ಅಡಿಯಲ್ಲಿದ್ದ. ಅತ್ತೆ ಹಣೆ ಹಣೆ ಚಚ್ಚಿಕೊಂಡಳು. ಅಜ್ಜಿ ಮಾತ್ರ ಜಾಲರಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಕೆಳಗೆ ಕಿವಿಗೊಟ್ಟಿದ್ದಳು. ಆಗಲೇ ಸಂತೆಬೀದಿಯ ಕಡೆಯಿಂದ ದೊಡ್ಡ ಕೇಕೆ ಎದ್ದಿತು. ಬಾಗಿಲು ಎದ್ದಿದೆ, ನೀರು ಬಂತು ಎಂದು ಜನ ಕೂಗುತ್ತ ಓಡಿಬಂದರು. ನಾವು ಮೂವರು ಅಲ್ಲಿಂದ ಅಲ್ಲಾಡಲಿಲ್ಲ. ಅವನು ಇದೇ ದಾರಿಯಲ್ಲಿ ಬರಬೇಕು, ಇಲ್ಲಿ ದಾಟಿದ ಮೇಲೆಯೇ ಕವಲು.

ಬೆಳಕು ಬಂತು. ಆದರೆ ಹೋಗುವಾಗ ಹಳದಿಯಾಗಿದ್ದದ್ದು ಈಗ ಕೆಂಡದ ಬಣ್ಣಕ್ಕೆ ತಿರುಗಿತ್ತು. ಬೈಗುಳವೂ ನಿಂತಿತ್ತು. ನೀರು ಕಾಲಿಗೆ ಬಡಿಯುವ ಸದ್ದಿನ ನಡುವೆ ಅವನು ನಮ್ಮ ಜಾಲರಿಯ ಕೆಳಗೆ ಬಂದು ನಿಂತ. ನಾನು ಭಾವ ಎಂದು ಕೂಗಿದೆ. ಅವನು ತಲೆ ಎತ್ತಿದ. ಮುಖ ಕಾಣಲಿಲ್ಲ. ಟಾರ್ಚನ್ನು ಎರಡು ಕೈಯಲ್ಲಿ ಹಕ್ಕಿಮರಿ ಹಿಡಿದ ಹಾಗೆ ಹಿಡಿದಿದ್ದ. "ಸೆಲ್ಲು ಹೋಗ್ತಾ ಇದೆ ಕಣೇ," ಎಂದ ಮೆಲ್ಲಗೆ. "ಪಾಪ, ಇದನ್ನ ಸುಮ್ಮಸುಮ್ನೆ ಬಯ್ದೆ. ಅಷ್ಟು ಬಯ್ಸಿಕೊಂಡೂ ಚಕ್ರ ತಿರುಗೋ ತನಕ ಉರೀತು ನೋಡು, ಇದು ಎಂಥ..."

ಮುಂದಿನ ಮಾತು ನನಗೆ ಗೊತ್ತಿತ್ತು. ಅತ್ತೆಗೆ ಗೊತ್ತಿತ್ತು. ಬಾವಿಯ ಸುತ್ತ ನಿಂತ ಎಲ್ಲರಿಗೂ ಗೊತ್ತಿತ್ತು. ಪ್ರಾಣ ಉಳಿಸಿದ್ದು ಸಾಯುತ್ತಿರುವಾಗ ಮನುಷ್ಯ ಆಡುವ ಮಾತು ಅದೊಂದೇ. ಅಂಥ ಮನೆಹಾಳು ಟಾರ್ಚೂ ಆ ಮಾತಿಗೆ ಆರದೆ ಇರಲಾರದು. ನಾನು ಜಾಲರಿಯನ್ನು ಎರಡು ಕೈಯಿಂದ ಹಿಡಿದುಕೊಂಡೆ. ನನಗೆ ಜೀವಮಾನದಲ್ಲಿ ಬಾರದ ದನಿ ಬಂತು.

"ಅದು ನಿನಗೆ ಅಂತ ಆರಿಸಿದ್ದಲ್ಲ, ಭಾವ. ಒಳ್ಳೊಳ್ಳೇದನ್ನೆಲ್ಲ ಬೇರೆಯವರಿಗೆ ಎತ್ತಿಟ್ಟೆ. ಯಾರೂ ಮೂಸಿ ನೋಡದೆ ಮೂಲೇಲಿ ಬಿದ್ದಿದ್ದನ್ನ ನಿನಗೆ ಸಾಗಹಾಕಿದೆ."

ಅಜ್ಜಿ ನನ್ನ ಮೊಣಕೈ ತಿವಿದು, ಇನ್ನೂ ಹೇಳು ಎಂದಳು. ಹೇಳಿದೆ. ಅವನು ವಾಷರು ಕೊಳ್ಳಲು ಬರುವುದು ನನಗೆ ಕಿರಿಕಿರಿ ಎಂದೆ. ಅವನ ಮುಖಕ್ಕೆ ಆ ಟಾರ್ಚೇ ಸರಿ, ಆ ಟಾರ್ಚಿಗೆ ಅವನೇ ಸರಿ ಎಂದೆ. ಕಣ್ಣಿನಿಂದ ನೀರು ಸುರಿದು ಜಾಲರಿಯ ಮೂಲಕ ಕೆಳಗೆ ಬೀಳುತ್ತಿತ್ತು, ಅದು ಕತ್ತಲಲ್ಲಿ ಕಾಣದಿದ್ದದ್ದು ಪುಣ್ಯ.

"ಹಂಗಾ," ಎಂದ ಅವನು. ಆ ಮಾತು ತಣ್ಣಗಿತ್ತು. ಮತ್ತೆ ಸಿಟ್ಟು ಏರಿತು. "ಹಂಗಾದ್ರೆ ಈ ಲಡಕಾಸಿನ ಜೊತೆ ನಾನು ಪಾಪ ಪುಣ್ಯ ಅಂತ ಮಾತಾಡ್ತಾ ನಿಂತಿದೀನಾ?" ಎಂದವನು ಟಾರ್ಚನ್ನು ಎತ್ತಿ ಕಲ್ಲುಗೋಡೆಗೆ ಫಳಾರನೆ ಬಡಿದ.

ಮುಚ್ಚಳ ನೆಟ್ಟಗಾಯಿತೋ, ಸೆಲ್ಲು ಒಂದಕ್ಕೊಂದು ಸರಿಯಾಗಿ ತಾಗಿತೋ, ಬೆಳಕು ಒಮ್ಮೆ ಮಿಣುಕಿ, ಹಳದಿಗೆ ತಿರುಗಿ, ಸುರಂಗದುದ್ದಕ್ಕೂ ಚಾಚಿಕೊಂಡಿತು. ಕಪ್ಪು ಚುಕ್ಕೆ ಕೂಡ ಹೋಗಿತ್ತು. ನಾನು ಅಜ್ಜಿಯ ಸೆರಗನ್ನು ನನ್ನ ಬಾಯಿಗೆ ತುರುಕಿಕೊಂಡೆ, ನನ್ನದು ಸಾಲುತ್ತಿರಲಿಲ್ಲ. ಅವನು ಟಾರ್ಚಿಗೆ ಬಯ್ಯುತ್ತ, ನನಗೆ ಬಯ್ಯುತ್ತ, ನಮ್ಮ ಅಂಗಡಿಗೆ, ಅಂಗಡಿಯ ಬೀರುವಿಗೆ ಬಯ್ಯುತ್ತ, ನೀರು ಸೀಳಿಕೊಂಡು ಹೊರಟ. ದಾರಿಯಲ್ಲಿ ಇನ್ನೂ ಒಂದೆರಡು ಸಲ ಅದನ್ನು ಗೋಡೆಗೆ ಬಡಿದದ್ದು ಕೇಳಿತು. ಪ್ರತಿ ಬಡಿತಕ್ಕೂ ನನ್ನ ಜೀವ ಹಿಗ್ಗುತ್ತಿತ್ತು. ಕವಲಿನ ಹತ್ತಿರ ದನಿ ಕ್ಷೀಣವಾಯಿತು. ಎಡವೋ ಬಲವೋ ತಿಳಿಯಲಿಲ್ಲ. ನಾನು ಅಜ್ಜಿಯನ್ನೂ ಅತ್ತೆಯನ್ನೂ ಬಿಟ್ಟು, ಚಪ್ಪಲಿ ಬಿಟ್ಟು ಓಡಿದೆ. ಕುಂಬಾರಬೀದಿಯ ಜಾಲರಿಯ ಸುತ್ತ ಜನ ಬಗ್ಗಿದ್ದರು. ಹತ್ತಿರ ಹೋಗುವ ಮುಂಚೆಯೇ ಕೆಳಗಿನಿಂದ ದನಿ ಕೇಳಿತು: ನಾಳೆಯಿಂದ ಪಕ್ಕದೂರಿಂದ ವಾಷರು ತರ್ತೀನಿ, ನೋಡ್ತಿರು. ಅಷ್ಟು ಚೆಂದದ ಮಾತನ್ನು ನಾನು ಯಾವ ಕಥೆಯಲ್ಲೂ ಕೇಳಿರಲಿಲ್ಲ.

ಮೆಟ್ಟಿಲು ಬಾವಿಯಲ್ಲಿ ಅವನು ಮೇಲೆ ಬಂದಾಗ ನೀರು ಅವನ ಸೊಂಟದವರೆಗೆ ಏರಿ, ಅವನ ಹಿಂದೆಯೇ ಬಾವಿಯೊಳಕ್ಕೆ ನೊರೆ ನೊರೆಯಾಗಿ ಸುರಿಯಿತು. ಜನ ಅವನನ್ನು ಎತ್ತಿಕೊಳ್ಳಲು ಹೋದರು. ಅವನು ಅವರನ್ನೆಲ್ಲ ಸರಿಸಿ ಮೆಟ್ಟಿಲು ಹತ್ತಿ ನನ್ನ ಎದುರು ಬಂದು ನಿಂತ. ಮೈಯೆಲ್ಲ ಕೆಸರು. ಟಾರ್ಚು ಕೈಯಲ್ಲಿ ಉರಿಯುತ್ತಲೇ ಇತ್ತು, ಬಿಸಿಲಲ್ಲಿ ಅದರ ಬೆಳಕು ಕಂಡೂ ಕಾಣದಷ್ಟು. ಅವನ ಕಣ್ಣಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕಿಂತ ಕಷ್ಟದ್ದು ಏನೋ ಇತ್ತು.

"ಬಾವಿ ಬಾಯಲ್ಲಿ ಹೇಳಿದ್ದು ನಿಜಾನಾ?" ಎಂದ.

"ಮೊದಲು ಅದನ್ನ ಆರಿಸು, ಆಮೇಲೆ ಹೇಳ್ತೀನಿ," ಎಂದೆ.

ಅವನು ಗುಂಡಿ ಒತ್ತಿದ. ಟಾರ್ಚು ಅವನ ಬೆರಳು ಕಚ್ಚಿತು, ಆರಲಿಲ್ಲ. ಮುಚ್ಚಳ ತಿರುಪಿದ, ಬರಲಿಲ್ಲ. ಜನ ಸುತ್ತ ಮುಗಿಬಿದ್ದು ನೋಡುತ್ತಿದ್ದರು. ಅಜ್ಜಿ ಏದುಸಿರು ಬಿಡುತ್ತ ಅತ್ತೆಯ ಕೈ ಹಿಡಿದು ಆಗಷ್ಟೇ ಬಂದು ಸೇರಿದ್ದಳು. ನನ್ನೊಳಗೆ ಬೆಳಗಿನಿಂದ ತಡೆದಿಟ್ಟದ್ದೆಲ್ಲ ಗಂಟಲಿಗೆ ಬಂದು ನಿಂತಿತ್ತು. ಇನ್ನು ತಡೆಯುವ ಅಗತ್ಯವೂ ಇರಲಿಲ್ಲ. ಆ ತಗ್ಗು ಬಿದ್ದ, ಓರೆಯಾದ, ನಾರುವ ತಗಡಿನ ಮೇಲೆ ಕೈಯಿಟ್ಟೆ. "ಇದರಷ್ಟು ಒಳ್ಳೇದು ನಮ್ಮ ಅಂಗಡೀಲಿ ಇಲ್ಲ, ಭಾವ," ಎಂದೆ. "ಎಲ್ಲಾ ಟಾರ್ಚನ್ನೂ ಒಂದೊಂದಾಗಿ ನೋಡಿ, ನೀನು ವಾಪಸ್ ಬರಬೇಕು ಅಂತ ಇದನ್ನ ಇಟ್ಟೆ. ಕರ್ಕೊಂಡು ಬಂತಲ್ಲ. ಇದು ಬಂಗಾರ."

ಟಾರ್ಚು ಪಟ್ಟನೆ ಆರಿತು.

ಅವನು ಆರಿದ ಟಾರ್ಚನ್ನು ನೋಡಿದ, ನನ್ನನ್ನು ನೋಡಿದ. ಸುಳ್ಳು ಹೊಗಳಿಕೆಗೆ ಏನೂ ಆಗುವುದಿಲ್ಲ ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಅವನ ಕೆಸರಿನ ಮುಖದ ಮೇಲೆ ನಗು ಹರಡುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅಜ್ಜಿ ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ಕಡೆಗೆ ಒತ್ತಿಕೊಂಡು, "ಅಂತೂ ಆರಿಸಿದಳು" ಎಂದಳು. ಏನನ್ನು ಎಂದು ಅತ್ತೆ ಕೂಡ ಕೇಳಲಿಲ್ಲ.